ಸುಣ್ಣ ಬಳಿದ ನಾಲ್ಕು ಕಲ್ಲು

ಟ್ರ್ಯಾಕ್ಟರ್ ಕೆಂಪಗಿತ್ತೋ ನೀಲಿಯಾಗಿತ್ತೋ, ಈಗ ಹೇಳಲಾರೆ. ನನಗಾಗ ಒಂಬತ್ತೋ ಹತ್ತೋ, ಅದೂ ಖಾತ್ರಿಯಿಲ್ಲ. ಆದರೆ ನನ್ನ ತಾಯಿಯ ಅಣ್ಣ ಶಿವಪ್ಪ ಮಾವ ನಡುಹೊಲದಲ್ಲಿ ಟ್ರ್ಯಾಕ್ಟರ್ ಗಕ್ಕನೆ ನಿಲ್ಲಿಸಿ, ಎದುರಿಗೆ ರೆಕ್ಕೆ ಬಿಚ್ಚಿ ನಿಂತ ಗೇಣುದ್ದದ ಹಕ್ಕಿಗೆ ಎರಡೂ ಕೈ ಎತ್ತಿ ಶರಣಾಗುತ್ತಿದ್ದುದು ನಿಜ. "ಆತವಾ ತಾಯಿ, ಹಿಂದ ಸರಿತೀನಿ" ಎಂದು ಅದಕ್ಕೆ ಹೇಳಿ ರಿವರ್ಸ್ ಗೇರು ಹಾಕುತ್ತಿದ್ದ.

ಮಾವನದು ಯಲಬುರ್ಗಾ ಕಡೆಯ ಎರೆಹೊಲ. ಮಳೆಗೆ ಮುಂಚೆ ರಂಟೆ ಹೊಡೆದು ನೆಲ ಉಳುವ ಹೊತ್ತಿಗೇ ಅಲ್ಲಿ ಟಿಟ್ಟಿಭ ಬರಿನೆಲದ ಮೇಲೆ ನಾಲ್ಕು ಮೊಟ್ಟೆ ಇಡುತ್ತದೆ. ಮಾವನ ಬಾಯಲ್ಲಿ ಅದು ಟಿಟ್ಟವ್ವ. ಮಣ್ಣಿನದೇ ಬಣ್ಣದ ಮೊಟ್ಟೆ, ಕಾಲ ಬುಡದಲ್ಲಿದ್ದರೂ ಕಾಣುವುದಿಲ್ಲ. ಮಾವ ಅದರ ಸುತ್ತ ಒಂದು ಹೊರಸು ಮಂಚದಷ್ಟು ಜಾಗ ಬಿಟ್ಟು ಉಳುತ್ತಿದ್ದ. ಕಪ್ಪು ಹೊಲದಲ್ಲಿ ಅಲ್ಲಲ್ಲಿ ಜೋಳದ ಕೂಳೆಯ ತೇಪೆಗಳು ಉಳಿಯುತ್ತಿದ್ದವು.

"ಏ ಶಿವಪ್ಪಾ, ನಿನ್ನ ಹೊಲಕ್ಕ ಹುಳಕಡ್ಡಿ ಹತ್ಯಾವ ನೋಡಪಾ" ಎಂದು ಪಕ್ಕದ ಹೊಲದ ರಾಜಾಸಾಬ ಬದುವಿನಿಂದಲೇ ಕೆಣಕುತ್ತಿದ್ದ.

"ಮುಲಾಮ ಬ್ಯಾಡೋ ರಾಜಾಸಾಬ. ಮಳಿಗಾಲಕ್ಕ ತಾವ ಹೋಗತಾವ."

ಮಾವ ಗೂಡಿಗೆ ಗುರುತು ಇಡುತ್ತಿರಲಿಲ್ಲ. ಬೇವಿನ ಗಿಡದಿಂದ ಎಷ್ಟು ಹೆಜ್ಜೆ, ಕರೆಂಟ್ ಕಂಬಕ್ಕೆ ಯಾವ ದಿಕ್ಕು ಎಂಬುದೆಲ್ಲ ಅವನ ತಲೆಯಲ್ಲೇ ಇರುತ್ತಿತ್ತು. ವರ್ಷದ ಲೆಕ್ಕವೂ ಹಾಗೆಯೇ. ಜೋಳ ಹಾಲುಗಾಳಾಗಿದೆ ಎಂದು ಅವನಿಗೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಹೇಳಬೇಕು. ಕಡಲೆಯ ಹೊಲಕ್ಕೆ ಚಿಗರಿ ನುಗ್ಗಿದರೆ ಅತ್ತೆ ರೇಗುತ್ತಿದ್ದಳು. ಚಿಗರಿ ತಿಂದದ್ದು ಮಾತ್ರ ನಿನಗೆ ಕಾಣುತ್ತದೆ, ನಾವು ತಿಂದದ್ದು ಕಾಣುವುದಿಲ್ಲ ಎಂದು ಮಾವ ಅವಳನ್ನೇ ನಗಿಸುತ್ತಿದ್ದ. ನಗುತ್ತಿದ್ದಳೋ ಇಲ್ಲವೋ, ನಾನು ನಗಿಸಿ ನೆನಪಿಟ್ಟುಕೊಂಡಿದ್ದೇನೆ.

ಆ ಬೇಸಿಗೆ ಅತ್ತೆಯ ಕಣ್ಣಿನ ಆಪರೇಶನ್ನಿಗೆಂದು ಮಾವ ಕೊಪ್ಪಳಕ್ಕೆ ಹೋಗಬೇಕಾಯಿತು. ರಂಟೆ ಹೊಡೆಯಲು ಬೇರೆ ಊರಿನ ಡ್ರೈವರ್ ಬರುವವನಿದ್ದ. ಸಾಲೆಯ ರಜೆಗೆ ಬಂದಿದ್ದ ನನಗೆ ಮಾವ ಗೂಡು ತೋರಿಸಿ, ಟ್ರ್ಯಾಕ್ಟರ್ ಬಂದಾಗ ಗೂಡಿನ ಮುಂದೆ ನಿಂತುಕೋ ಎಂದ. ಅವರು ಹೋದ ಮರುದಿನ ಗೂಡಿನ ಸುತ್ತ ಸುಣ್ಣ ಬಳಿದ ನಾಲ್ಕು ಕಲ್ಲುಗಳಿದ್ದವು. ಡ್ರೈವರ್ ಅವನ್ನು ನೋಡಿ ಬಳಸಿಕೊಂಡು ಹೋದ. ಅದರ ಮಾರನೆಯ ಬೆಳಿಗ್ಗೆ ಕಲ್ಲುಗಳ ನಡುವೆ ಚಿಪ್ಪಿನ ಚೂರುಗಳು, ಬದುವಿನ ಮೇಲೆ ಎರಡು ಕಾಗೆ. ಟಿಟ್ಟವ್ವನ ಜೋಡಿ ಅವತ್ತೆಲ್ಲ ಹೊಲದ ಮೇಲೆ ಸುತ್ತುತ್ತ ಕೂಗಿತು.

ಮಾವ ಬಂದವನು ಹೊಲ ನೋಡಿ, ನಾಲ್ಕೂ ಕಲ್ಲನ್ನು ಮನೆಗೆ ತಂದು ಬಚ್ಚಲ ಹಿಂದೆ ಹಾಕಿದ. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡಿದ್ದ ಅತ್ತೆ, ಇವನ್ನು ಹೊಲದಲ್ಲಿ ಇಟ್ಟವರು ಯಾರು ಎಂದು ಕೇಳಿದಳು.

"ನಾನ ಇಟ್ಟಿದ್ನಿ, ಹೋಗೂ ಮುಂದ" ಎಂದ ಮಾವ. "ಅಷ್ಟು ಬೆಳ್ಳಗ ತೋರಿಸಿದ್ರ ಕಾಗಿಗೆ ತಿಳಿಯಂಗಿಲ್ಲೇನು? ತಪ್ಪು ನಂದು."

ಮುಂದೆ ವರ್ಷಗಟ್ಟಲೆ ಅವನು ಆ ಕತೆಯನ್ನು ಹಾಗೆಯೇ ಹೇಳಿದ. ರಾಜಾಸಾಬನೆದುರೂ ತನ್ನನ್ನೇ ದಡ್ಡನಾಗಿಸಿಕೊಂಡು ಹೇಳಿದ. ಆದರೆ ನನ್ನ ಅಂಗೈಯಲ್ಲಿ ಬೇರೊಂದು ನೆನಪಿದೆ: ತರಚಿದ ಜಾಗಕ್ಕೆ ಸುಣ್ಣ ತಾಗಿ ಚುರುಗುಟ್ಟಿದ್ದು. ಅದು ಗೋಡೆಗೆ ಬಳಿಯುವಾಗ ತಾಗಿದ ಸುಣ್ಣವೂ ಇರಬಹುದು. ಇನ್ನೊಂದು ನೆನಪನ್ನು ಮಾತ್ರ ಹೀಗೆ ತಳ್ಳಿಹಾಕಲಾಗುವುದಿಲ್ಲ. ಟ್ರ್ಯಾಕ್ಟರ್ ಓಡುತ್ತಿದ್ದಾಗ ನಾನು ಗೂಡಿನ ಮುಂದೆ ಬಿಸಿಲಿನಲ್ಲಿ ನಿಂತಿರಲಿಲ್ಲ. ಬೇವಿನ ನೆರಳಿನಲ್ಲಿ ಕುಳಿತು ಶೇಂಗಾ ತಿನ್ನುತ್ತಿದ್ದೆ.

ಮೊದಲ ಮಳೆಯಾದ ಮೇಲೆ ಟಿಟ್ಟವ್ವ ಬೇಲಿಯ ಹತ್ತಿರ ಮತ್ತೆ ಮೊಟ್ಟೆಯಿಟ್ಟಿತು. ಮಾವ ನನ್ನನ್ನು ಕರೆದುಕೊಂಡು ಹೋಗಿ ದೂರದಲ್ಲೇ ನಿಲ್ಲಿಸಿದ. ನಾನು ಬೆರಳು ಚಾಚಿದೆ. ಅವನು ಮೆಲ್ಲಗೆ ನನ್ನ ಕೈ ಕೆಳಗಿಳಿಸಿದ.

"ನೋಡದಂಗ ನೋಡವಾ."

ಇಂದಿಗೂ ಯಾವುದಾದರೂ ಹಕ್ಕಿ ಕಂಡರೆ ನನ್ನ ಕತ್ತು ಮೊದಲು ಬೇರೆ ಕಡೆ ತಿರುಗುತ್ತದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಗೆಳತಿಯರು ಇದನ್ನು ಕಂಡು ನಗುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಮಾವನನ್ನು ಕೊನೆಯ ಸಲ ನೋಡಿದೆ. ಅಂಗಳದ ಬಿಸಿಲಿಗೆ ಹೊರಸು ಹಾಕಿಸಿಕೊಂಡು ಮಲಗಿದ್ದ. ಹೊಲಕ್ಕೆ ಹೋಗದೆ ತಿಂಗಳುಗಳಾಗಿದ್ದರೂ ಕಬ್ಬಕ್ಕಿ ಬಂದ ಸುದ್ದಿ ಅವನಿಗಿತ್ತು. ಆ ಕಲ್ಲು ನಿಜವಾಗಿ ಇಟ್ಟವರು ಯಾರೆಂದು ಅವತ್ತಾದರೂ ಕೇಳಿಬಿಡಬೇಕೆಂದು ಹೋಗಿದ್ದೆ. ಕೇಳಿದ್ದು ಮಾತ್ರ ಕಡಲೆ ಹೇಗಿದೆ ಎಂದು. ಹೊರಡುವಾಗ ಅವನು, "ಬ್ಯಾಸಗ್ಯಾಗ ಬಾ. ಟಿಟ್ಟವ್ವ ಮೊಟ್ಟಿ ಇಟ್ಟಿರತೈತಿ. ಕಲ್ಲು ಮಾತ್ರ ತರಬ್ಯಾಡ" ಎಂದು ನಕ್ಕ.

ಹೀಗೆಂದನೆಂದು ನಾನು ನಂಬಿದ್ದೇನೆ. ಅವತ್ತಿನ ಡೈರಿಯಲ್ಲಿರುವುದು ಎರಡೇ ಪದ: ಮಾವ ನಕ್ಕ. ಕಲ್ಲಿನ ಸುದ್ದಿ ಅಲ್ಲಿಲ್ಲ. ಕ್ಷಮೆ ಸಿಕ್ಕಿತೆಂದುಕೊಳ್ಳಲು ಆ ಮಾತನ್ನು ನಾನೇ ಆಮೇಲೆ ಅವನ ಬಾಯಲ್ಲಿ ಇಟ್ಟೆನೇ?

ಬೇಸಿಗೆಗೆ ಮೊದಲೇ ಮಾವ ಹೋದ. ಈ ಸಲ ರಂಟೆ ಹೊಡೆದದ್ದು ಬೇರೆಯವರು. ಹೊಲವೆಲ್ಲ ಒಂದೇ ಸಮ ಕಪ್ಪಗಿತ್ತು, ಎಲ್ಲಿಯೂ ತೇಪೆಯಿರಲಿಲ್ಲ. ಅದನ್ನು ನೋಡಿ ಬಂದವಳೇ ಅತ್ತೆಯ ಹತ್ತಿರ ಕುಳಿತೆ. ಕೊನೆಯ ಸಲ ಮಾವ ನನ್ನೊಡನೆ ಮಾತಾಡುವಾಗ ಚಹಾದ ಕಪ್ಪು ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಅವಳೊಬ್ಬಳೇ. ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ನಾನು ಕೇಳಿದಾಗಿನಿಂದ ಬಸ್ಸಿಗೆ ಏಳುವ ತನಕ ಅವಳ ಬೆರಳುಗಳು ಕಲ್ಲು ಹುಡುಕುತ್ತಲೇ ಇದ್ದವು. ಫೋನಿನಲ್ಲಿ ಮತ್ತೆ ಕೇಳುವ ಧೈರ್ಯ ನನಗಿಲ್ಲ. ಅವತ್ತು ನಾನು ಕೇಳಿದ್ದು ಇಷ್ಟೇ:

"ಅತ್ತಿ, ಅವತ್ತ ಮಾವ ಕಲ್ಲು ತರಬ್ಯಾಡ ಅಂದಿದ್ನೇನು?"