ಬೇವಿನ ಮರದ ದೆವ್ವ, ದೇವಿದಾಸನ ಕಣ

ಜಹೀರಾಬಾದಿನ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ದೇವಿದಾಸ ನನ್ನ ಗೆಳೆಯ, ಎರಡು ಬೀದಿ ಆಚೆಯವನು. ಉಪ್ಪು ತರಲು ಕಳಿಸಿದರೆ ಸಮೀಕರಣ ಹೊತ್ತು ಬರುವ ಆಸಾಮಿ. ಪಿಎಚ್.ಡಿ. ಶುರುಮಾಡಿ ಒಂಬತ್ತು ವರ್ಷವಾಗಿತ್ತು. ೨೦೧೧ರಲ್ಲಿ, ಮೆಸಾನ್ ಎಂಬ ಸಣ್ಣ ಕಣ ಒಡೆಯುವ ಗ್ರಾಫಿನಲ್ಲಿ ಅವನಿಗೊಂದು ಉಬ್ಬು ಕಂಡಿತು. "ಹೊಸ ಕಣ ಸಿಕ್ಕದ್ರಿ!" ಎಂದು ಊರೆಲ್ಲ ಡಂಗುರ ಸಾರಿದ. ಪ್ರಿನ್ಸಿಪಾಲರು ಸನ್ಮಾನಕ್ಕೆ ಶಾಲು ತರಿಸಿಯೇಬಿಟ್ಟರು.

ಅದೇ ಹೊತ್ತಿಗೆ ನನ್ನ ಮನೆ ಮುಂದಿನ ಬೇವಿನ ಮರಕ್ಕೊಂದು ದೆವ್ವ ಸೇರಿಕೊಂಡಿತು. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ದೇವಿದಾಸ ಮತ್ತು ಅವನ ಹೆಂಡತಿ ಶಿಲ್ಪಾರಾಣಿ ಸರಿಯಾಗಿ ಅದರ ಕೆಳಗೇ ನಿಂತು ಕಿತ್ತಾಡುತ್ತಿದ್ದರು. "ಗಿಡದಾಗ ಜಗಳಗಂಟಿ ದೆವ್ವ ಅದರಿ" ಎಂದು ಪಕ್ಕದ ಮನೆಯ ಸಾಯಮ್ಮ ನಿಂಬೆಹಣ್ಣು ಕಟ್ಟಿದಳು, ತೆಂಗಿನಕಾಯಿ ಒಡೆದಳು. ಚಿಪ್ಪು ತುಳಿದು ಕುಂಟಿದವನು ನಾನು!

ಸೆಪ್ಟೆಂಬರಿನಲ್ಲಿ ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನರ ಸಮ್ಮೆ, ಅಂದರೆ ಮುಷ್ಕರ, ಶುರುವಾಯಿತು. ಶಾಲೆ, ಕಾಲೇಜು ಮುಚ್ಚಿದವು. ಮರದ ಕೆಳಗಿನ ಜಗಳವೂ ನಿಂತಿತು.

"ದೆವ್ವಾನೂ ಸಮ್ಮಿಗಿ ಕುಂತದ!" ಎಂದಳು ಸಾಯಮ್ಮ.

ಎಲ್ಲರೂ ನಕ್ಕರೆ ದೇವಿದಾಸನ ಮುಖ ಮಾತ್ರ ಇಂಗು ತಿಂದ ಮಂಗನಂತಾಯಿತು. ನನ್ನ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ತ್ರಿಕೋನ ಬರೆದ.

"ನೋಡ್ರಿ, ಮುಂಜಾನಿ ಜಗಳಾಡ್ಕೋತ ಮನಿ ಬಿಡ್ತೀವಿ. ಆಕಿ ಸೀದಾ ಟೇಲರಿಂಗ್ ಅಂಗಡಿ ಕಡಿ. ನಾ ಮಗಳಿಗಿ ಸಾಲಿಗಿ ಬಿಟ್ಟು, ಓಡಿ ಬಂದು ಆಕಿಗಿ ಹಿಡೀತೀನಿ. ನನ್ನ ಓಟ, ಆಕಿ ನಡಗಿ, ಎರಡೂ ಕೂಡೋ ಜಾಗ ಇದೇ ಗಿಡ. ಈಗ ಸಾಲಿ ಬಂದ್. ಓಡೋದೇ ಇಲ್ಲ. ಜಗಳ ಮನ್ಯಾಗೇ ಮುಗೀತದ."

"ಅಂದ್ರ ದೆವ್ವ ಇಲ್ಲ?" ಎಂದೆ ನಾನು.

"ಕಣಾನೂ ಇಲ್ರಿ!" ಅವನು ಅದೇ ತ್ರಿಕೋನದ ಮೇಲೆ ಬೆರಳಿಟ್ಟ.

ಮೆಸಾನ್ ಎರಡಾಗಿ ಒಡೆಯುತ್ತದಂತೆ. ಅದರಲ್ಲೊಂದು ಮತ್ತೆ ಒಡೆದು, ಅದರ ಚೂರು ಹಿಂದಿನಿಂದ ಓಡಿ ಬಂದು ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತದಂತೆ. ವೇಗ ಸರಿಹೊಂದಿದ ಕಡೆ ಗ್ರಾಫು ಉಬ್ಬುತ್ತದೆ, ಅಷ್ಟೆ. ಮರುದಿನ ಅವನು ಲೆಕ್ಕದಿಂದ ಹೊಸ ಕಣವನ್ನು ತೆಗೆದು ಡಿಕ್ಕಿಯನ್ನಷ್ಟೇ ಇಟ್ಟು ನೋಡಿದ. ಉಬ್ಬು ಹಾಗೇ ಇತ್ತು.

"ಸುಮ್ಕಿರಪ್ಪ, ಮೊದಲ ಶಾಲ್ ಹೊದ್ದುಕೊ, ಆಮ್ಯಾಲ ಹೇಳು" ಎಂದೆ. ನಾನು ಅಂಥ ಮನುಷ್ಯ.

ಸಮ್ಮೆ ಮುಗಿದ ವಾರವೇ ಸನ್ಮಾನ. ದೇವಿದಾಸ ಮೈಕು ಹಿಡಿದು, "ಹೊಸ ಕಣ ಇಲ್ರಿ. ನಂದೇ ತಪ್ಪು" ಎಂದ. ಪ್ರಿನ್ಸಿಪಾಲರು ಮೆಲ್ಲಗೆ ಶಾಲು ಮಡಚತೊಡಗಿದರು.

ಮುಂದಿನ ಸಾಲಿನಿಂದ ಶಿಲ್ಪಾರಾಣಿ ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ.

"ಯಾಕ್ ಮಡಚ್ತೀರಿ ಸರ್? ಅದ ಅದ ಅನ್ನೋರಿಗಿ ದಿನಾ ಹೊದಸ್ತೀರಿ. ಇಲ್ಲದ್ದಕ್ಕ ಇಲ್ಲ ಅಂದವರಿಗಿ ಒಮ್ಮಿ ಹೊದಸ್ರಿ!"