ಲೇತ್ ಮುಂದೆ ಹೊಸ ಶೂ

ಇವತ್ತು ನನ್ನ ಹೊಸ ಶೂಗೆ ಆದ ಮರ್ಯಾದೆ ಕೇಳ್ರಪ್ಪಾ!

ಅತ್ತಿಗುಪ್ಪೇಲಿ ನಮ್ಮ ರಾಗಿ ಹೊಲ ಲೇಔಟಿಗೆ ಹೋದ್ಮೇಲೆ, ನಲವತ್ತೈದನೇ ವಯಸ್ಸಲ್ಲಿ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಲ್ಲಿ ಕಬ್ಬಿಣ ಕಡೆಯೋ ಲೇತ್ ಮಷೀನಿನ ಕೆಲಸ ಕಲೀತಿದೀನಿ. ರಾಗಿ ಒಕ್ಕೋ ಕಣ ಅಂದ್ರೆ ದೇವ್ರ ಸಮಾನ, ಅಲ್ಲಿಗೆ ಯಾವತ್ತೂ ಚಪ್ಪಲಿ ಮೆಟ್ಟಿ ಹೋದೋನಲ್ಲ. ಲೇತ್ ಮುಂದೂ ಬರಿಗಾಲಲ್ಲೇ ನಿಲ್ತಿದ್ದೆ. ನನ್ನ ಮಗನ ವಯಸ್ಸಿನ ಮೇಸ್ತ್ರಿ ನಿನ್ನೆ ರೇಗಿದ: "ಗೌಡ್ರೇ, ಇದು ಕಣ ಅಲ್ಲ! ಬಿಸಿ ಕಬ್ಬಿಣದ ಚೂರು ಕಾಲಿಗೆ ಬೀಳುತ್ತೆ. ನಾಳೆ ಶೂ ಇಲ್ದಿದ್ರೆ ಕೆಲಸಾನೂ ಇಲ್ಲ."

ಬೆಳಗ್ಗೆ ಹೆಂಡ್ತಿ ಕೈಲಿ ಲೇಸ್ ಕಟ್ಟಿಸ್ಕೊಂಡು ಟಕಟಕ ಅಂತ ಹೋದೆ. ನೋಡಿದ್ರೆ, ನಾಳೆ ರಜ ಅಂತ ಇವತ್ತೇ ಆಯುಧಪೂಜೆ! ಲೇತಿಗೆ ಚೆಂಡುಹೂವಿನ ಹಾರ. ಮೇಸ್ತ್ರಿ ಬರಿಗಾಲಲ್ಲಿ ನಿಂತಿದಾನೆ.

"ಅಯ್ಯೋ ಗೌಡ್ರೇ, ಲೇತ್ ಮುಂದೆ ಶೂನಾ? ಬಿಚ್ಚಿ, ಬಿಚ್ಚಿ!"

ಗಂಟು ಬಿಡಲಿಲ್ಲ. ಅವನೇ ಕೂತು ಬಿಡಿಸಿದ. ಇಬ್ಬರೂ ಬಿದ್ದು ಬಿದ್ದು ನಕ್ವಿ.

ನಂಗೆ ಲೇತ್ ಬರೋಕೆ ಇನ್ನೂ ಆರು ತಿಂಗಳು ಬೇಕಂತೆ. ಕಣಕ್ಕೆ ಹೆಂಗೆ ಬರಬೇಕು ಅಂತ ಅವನು ಒಂದೇ ದಿನಕ್ಕೆ ಕಲಿತುಬಿಟ್ಟ!