ಕೆಂಪು ಜೋಳದ ಚೀಲ

ಒಮಾನ್ ಕರಾವಳಿಯ ಸುವೈಕ್‌ಗೆ ಬಂದ ಮೂರನೆಯ ದಿನ, ಬೆಳಗಿನ ಐದು ಗಂಟೆಗೆ, ಮಗಳ ಅಡುಗೆಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಸಾಮಾನನ್ನು ನೆಲದ ಮೇಲೆ ಸಾಲಾಗಿ ಇಟ್ಟೆ. ಹೊರಗೆ ಸಮುದ್ರದ ಮಂಜು ಬೀದಿದೀಪಗಳನ್ನು ನುಂಗಿಕೊಂಡಿತ್ತು. ಕಿಟಕಿಯ ಗಾಜು ಬೆವೆತಿತ್ತು. ಬೆಳಕು ಹರಿದಂತೆ ಒಂದೊಂದೇ ವಸ್ತು ಕಣ್ಣಿಗೆ ಬಿತ್ತು. ಬಾಯಿ ಬಿಚ್ಚಿದ ತೊಗರಿಬೇಳೆಯ ಪೊಟ್ಟಣ ಮೂರು, ಏಳು ಬಗೆಯ ಹಿಟ್ಟು, ತಳದಲ್ಲಿ ಅಂಟಿಕೊಂಡ ನಾಲ್ಕು ಉಪ್ಪಿನಕಾಯಿ ಬಾಟಲಿ, ಯಾರೂ ತೆರೆಯದ ಓಟ್ಸ್ ಡಬ್ಬಿ ಎರಡು. ನಿದ್ದೆಗಣ್ಣಿನಲ್ಲಿ ಬಂದ ಮಗಳು ಬಾಗಿಲಲ್ಲೇ ನಿಂತಳು.

"ಅವ್ವಾ, ಇದೇನ ಸಂತಿ ಹಚ್ಚೀ?"

"ಸಂತಿ ಹಚ್ಚಿದಾಕಿ ನೀನು. ನಾ ಬರೇ ಹೊರಗ ಇಟ್ಟೀನಿ."

ಬಾಗಲಕೋಟೆ ಕಡೆಯ ಒಂದು ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಮೂವತ್ತು ವರ್ಷ ಮೆಸ್ ನೋಡಿಕೊಂಡವಳು ನಾನು. ಐದಕ್ಕೆ ಗಂಟೆ, ಐದೂವರೆಗೆ ಒಲೆ, ಏಳಕ್ಕೆ ತಾಟು. ಗೋಡೆಯ ಕರಿಹಲಗೆಯ ಮೇಲೆ ವಾರದ ಅಡಿಗೆ ಬರೆದಿರುತ್ತಿತ್ತು, ಬರೆದದ್ದು ಬದಲಾಗುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಆ ಗಂಟೆ ನನ್ನೊಳಗೆ ಹೊಡೆಯುತ್ತಲೇ ಇದೆ.

ಆದರೆ ಆ ಬೆಳಗ್ಗೆ ನಾನು ಚಟಕ್ಕೆ ಬಿದ್ದು ಕಪಾಟು ತೆಗೆದಿರಲಿಲ್ಲ. ಹಿಂದಿನ ಸಂಜೆ ಮಗಳೇ ಕೂರಿಸಿಕೊಂಡು ಹೇಳಿದ್ದಳು. ಅಳಿಯ ಇಲ್ಲಿ ನೀರಿನ ಪಂಪುಗಳ ಕಂಪನಿಯೊಂದರಲ್ಲಿ ಎಂಜಿನಿಯರ್. ಮಕ್ಕಳ ಶಾಲೆಯ ಫೀಯನ್ನು ಕಂಪನಿ ಕೊಡುತ್ತಿತ್ತು. ಆ ವರ್ಷ ನಿಲ್ಲಿಸಿಬಿಟ್ಟಿತು. ಇನ್ನು ಉಳಿದದ್ದು ಎರಡೇ ದಾರಿ. ಒಂದೋ ಮನೆಯ ಖರ್ಚಿನಲ್ಲಿ ಉಳಿಸಿ ಆ ಫೀ ಕಟ್ಟಬೇಕು, ಇಲ್ಲವೇ ಒಂಬತ್ತು ವರ್ಷದ ಮೊಮ್ಮಗಳು ನನ್ನ ಜೊತೆ ಬಾಗಲಕೋಟೆಗೆ ಬಂದು ಅಲ್ಲಿ ಓದಬೇಕು.

"ಬಾಡಿಗಿ ಕಮ್ಮಿ ಆಗಂಗಿಲ್ಲ, ಕಾರಿನ ಕಂತು ಕಮ್ಮಿ ಆಗಂಗಿಲ್ಲ. ಕಮ್ಮಿ ಆಗೋದಂದ್ರ ಅಡಿಗಿಮನಿ ಒಂದ," ಅಂದಳು ಮಗಳು. "ನಿನ್ನ ವೀಸಾ ಮುಗಿಯೋತನಕ ನೀನ ನಡಸು ಅವ್ವಾ. ಆತಂದ್ರ ಆಕಿ ಇಲ್ಲೇ ಇರ್ತಾಳ. ಆಗಲಿಲ್ಲಂದ್ರ ನಿನ್ನ ಜೋಡಿ ಬರ್ತಾಳ."

ನಾನು ಆಗಲಿ ಅಂದೆ.

ಮೊದಲ ವಾರ ಹಾಲು, ಕಾಯಿಪಲ್ಲೆ ಬಿಟ್ಟು ಏನನ್ನೂ ಕೊಳ್ಳಲಿಲ್ಲ. ಕಪಾಟಿನಲ್ಲಿದ್ದುದನ್ನೇ ತಿಂದೆವು. ಏಳು ಹಿಟ್ಟುಗಳು ಸೇರಿ ತಾಲಿಪಟ್ಟಿಯಾದವು. ಓಟ್ಸ್ ಉಪ್ಪಿಟ್ಟಾಯಿತು. ಮೊಮ್ಮಗಳು ಮೂಗು ಮುರಿದು, "ಆಯಿ, ನಾಟ್ ಅಗೇನ್!" ಅನ್ನುತ್ತ ಮತ್ತೊಂದು ತುತ್ತು ತಿಂದಳು. ಫ್ರಿಜ್ಜಿನ ಬಾಗಿಲಿಗೆ ವಾರದ ಹಾಳೆ ಅಂಟಿಸಿದೆ. ಭಾನುವಾರ ಹೆಸರುಕಾಳು, ಸೋಮವಾರ ಎಣಗಾಯಿ, ಮಂಗಳವಾರ ಮಡಿಕೆಕಾಳು, ಬುಧವಾರ ಸೊಪ್ಪಿನ ಪಲ್ಲೆ, ಹೀಗೆ. ಹಾಳೆಯಲ್ಲಿ ಇಲ್ಲದ್ದು ಚೀಟಿಗೆ ಬರಬಾರದು, ಚೀಟಿಯಲ್ಲಿ ಇಲ್ಲದ್ದು ಮನೆಗೆ ಬರಬಾರದು. ಅಷ್ಟೇ ಕಾನೂನು.

ಆದರೂ ಖರ್ಚು ಎಲ್ಲಿಂದ ಸೋರುತ್ತದೆ ಎಂಬುದು ತಿಳಿದದ್ದು ಎರಡನೆಯ ವಾರ, ಶುಕ್ರವಾರದ ರಜೆಯ ಹಿಂದಿನ ಗುರುವಾರ ಸಂಜೆ. ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡರು. ಎಲ್ಲಿಗೆ ಅಂದರೆ ಸೂಪರ್‌ಮಾರ್ಕೆಟ್ಟಿಗೆ! ಒಳಗೆ ತಣ್ಣನೆಯ ಗಾಳಿ, ಕನಸಿನಲ್ಲಿ ನಡೆದಂತೆ ಮೆಲ್ಲಗೆ ತಳ್ಳುಗಾಡಿ ತಳ್ಳಿಕೊಂಡು ಹೋಗುವ ಸಂಸಾರಗಳು, ಹಣ್ಣಿನ ಗುಡ್ಡೆಗಳ ಮೇಲೆ ಹಳದಿ ಬೆಳಕು. ನಾನೂ ಸ್ವಲ್ಪ ಹೊತ್ತು ಮೈಮರೆತೆ. ಯಾವ ದೇಶದಿಂದಲೋ ಬಂದ ಸೇಬನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದೆ. ತಿರುಗಿ ನೋಡಿದರೆ ಗಾಡಿ ತುಂಬಿತ್ತು. ಇವರು ಸಾಮಾನು ತರಲು ಬರುವುದಿಲ್ಲ, ತಿರುಗಾಡಲು ಬರುತ್ತಾರೆ. ಸಾಮಾನು ಸುಮ್ಮನೆ ಜೊತೆಗೆ ಬರುತ್ತದೆ ಎಂದು ಆಗ ಹೊಳೆಯಿತು.

ಮುಂದಿನ ಗುರುವಾರದಿಂದ ತಿರುಗಾಟ ಸಮುದ್ರಕ್ಕೆ. ಮನೆಯಲ್ಲೇ ಹುರಿದ ಶೇಂಗಾ, ಒಗ್ಗರಣೆ ಹಾಕಿದ ಚುರಮರಿ, ಥರ್ಮಾಸಿನಲ್ಲಿ ಚಹಾ. ಸುವೈಕ್‌ನ ದಂಡೆಗೆ ಆಡಂಬರವಿಲ್ಲ. ಬೋರಲು ಹಾಕಿದ ದೋಣಿಗಳು, ಬಲೆ ಬಿಡಿಸುತ್ತ ಕೂತ ಮುದುಕರು. ಎಲ್ಲಿ ನೀರು ಮುಗಿಯಿತು, ಎಲ್ಲಿ ಆಕಾಶ ಹತ್ತಿತು ಎಂದು ಗೊತ್ತಾಗದ ಬೂದು ಬಣ್ಣ. ಬಯಲುಸೀಮೆಯ ನನಗೆ ಅಷ್ಟು ನೀರು ನೋಡಿ ಅಭ್ಯಾಸವಿಲ್ಲ. ಕಣ್ಣು ತಾನಾಗಿ ಅರ್ಧ ಮುಚ್ಚುತ್ತಿತ್ತು. ಮೊಮ್ಮಗಳು ಆಡಿ ಆಡಿ ದಣಿದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಡುವಳು. ಅವಳ ಕೂದಲಲ್ಲಿ ಮರಳು, ಉಪ್ಪಿನ ವಾಸನೆ.

ಆ ಭಾರ ತೊಡೆಯ ಮೇಲಿರುವಾಗ ನನಗೆ ಏನೇನೋ ಕಾಣುತ್ತಿತ್ತು. ಬಾಗಲಕೋಟೆಯ ನನ್ನ ಎರಡು ಕೋಣೆಯ ಮನೆ. ಕಿಟಕಿಯ ಹತ್ತಿರ ಇವಳ ಮೇಜು. ಬೆಳಗ್ಗೆ ನಾನು ಹೆಣೆಯುವ ಎರಡು ಜಡೆ. ಸಂಜೆ ಪುಸ್ತಕದ ಚೀಲ ನೆಲಕ್ಕೆ ಎಸೆಯುವ ಸದ್ದು. ನಾನು ಬಯ್ಯುವುದು. ಹಗಲೆಲ್ಲ ಬೇಳೆ ಅಳೆದು ಈ ಮಗುವನ್ನು ಇಲ್ಲೇ ಉಳಿಸಲು ದುಡಿಯುತ್ತಿದ್ದೆ. ಸಂಜೆ ಸಮುದ್ರದ ಮುಂದೆ ಕೂತು ಕರೆದುಕೊಂಡು ಹೋಗುತ್ತಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ.

ಎರಡನೆಯ ತಿಂಗಳ ಹೊತ್ತಿಗೆ ಖರ್ಚು ನಿಜಕ್ಕೂ ಇಳಿಯಿತು. ಶುಕ್ರವಾರ ಬೆಳಗ್ಗೆ ಪೇಟೆಗೆ ಹೋಗುತ್ತಿದ್ದೆವು. ಮಧ್ಯಾಹ್ನದ ನಮಾಜಿಗೆ ಮೊದಲು ಅಂಗಡಿ ಮುಚ್ಚುವ ಅವಸರ. ಉಳಿದ ಟೊಮ್ಯಾಟೊ, ಬದನೆಕಾಯಿಗಳನ್ನು ಪೆಟ್ಟಿಗೆ ಸಮೇತ ಅರ್ಧ ಬೆಲೆಗೆ ಕೊಡುತ್ತಿದ್ದರು. ಚಳಿಗಾಲದಲ್ಲಿ ಈ ಕರಾವಳಿಯ ತೋಟಗಳು ಉಕ್ಕುತ್ತವೆ. ಇಲ್ಲಿಯದನ್ನು ತಿನ್ನಬೇಕು, ಹಡಗಿನಲ್ಲಿ ಬಂದದ್ದನ್ನು ಬಿಡಬೇಕು, ಇಷ್ಟೇ ಲೆಕ್ಕ.

ಒಂದು ಮಾತ್ರ ಬಗ್ಗಲಿಲ್ಲ. ಜೋಳದ ಹಿಟ್ಟು. ಅಳಿಯನಿಗೆ ದಿನವೂ ರೊಟ್ಟಿ ಬೇಕು. ಊರಿನಿಂದ ಬರುವ ಸಣ್ಣ ಪೊಟ್ಟಣಕ್ಕೆ ಬಂಗಾರದ ಬೆಲೆ.

ಆಗ ಕಂಡಿತು ಆ ಚೀಲ. ಪೇಟೆಯ ಕೊನೆಯಲ್ಲಿ ದನಕರುಗಳ ಮೇವಿನ ಅಂಗಡಿ. ಬಾರ್ಲಿ, ಹೊಟ್ಟು, ಒಣಹುಲ್ಲಿನ ಪೆಂಡಿಗಳ ನಡುವೆ ಬಾಯಿ ತೆರೆದ ಚೀಲದಲ್ಲಿ ಕೆಂಪು ಜೋಳ. ನಾನು ಕೈ ಹಾಕಿದೆ. ಕಾಳು ಬೆರಳ ಸಂದಿಯಿಂದ ತಣ್ಣಗೆ ಜಾರಿತು. ಆ ಜಾರುವಿಕೆ ನನಗೆ ಹುಟ್ಟಿದಾಗಿನಿಂದ ಗೊತ್ತು. ಅಂಗಡಿಯ ಬಂಗಾಳಿ, ಇದು ಪಾರಿವಾಳಕ್ಕೆ, ಆಡಿಗೆ ಹಾಕುವುದು ಎಂದು ಹಿಂದಿಯಲ್ಲಿ ಎರಡು ಸಲ ಹೇಳಿದ. ಮೂವತ್ತು ವರ್ಷ ಕಾಳು ಕೊಂಡವಳಿಗೆ ಇವನೇನು ಹೇಳುವುದು! ಇಡೀ ಚೀಲ ಕೊಂಡೆ. ಅಳಿಯ ಡ್ಯೂಟಿಯಲ್ಲಿದ್ದ, ಕಾರು ತಂದಿದ್ದ ಮಗಳು ಅನುಮಾನದಿಂದ ನೋಡಿದಳು, ಆದರೂ ಡಿಕ್ಕಿ ತೆರೆದಳು. ದಾರಿಯಲ್ಲೇ ಗಿರಣಿಯಲ್ಲಿ ಐದು ಕಿಲೋ ಬೀಸಿಸಿಕೊಂಡೆವು.

ಸಂಜೆ ರೊಟ್ಟಿಗೆ ಕೂತೆ. ಹಿಟ್ಟಿಗೆ ಜಿಗಿಯೇ ಬರಲಿಲ್ಲ. ಬಡಿದಷ್ಟೂ ಅಂಚು ಒಡೆಯಿತು. ಹಂಚಿನ ಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅಳಿಯ ಒಂದು ತುತ್ತು ಅಗಿದ, ನೀರು ಕುಡಿದ, ಇನ್ನೊಂದು ತುತ್ತು ಅಗಿದ. ನಾನೂ ಬಾಯಿಗೆ ಹಾಕಿಕೊಂಡೆ. ಕಹಿ, ಎಳೆ ಅಡಿಕೆಯ ಒಗರು, ನಾಲಿಗೆ ಮರಗಟ್ಟಿತು.

"ಆಯಿ, ದಿಸ್ ಈಸ್ ಮಡ್," ಅಂದಳು ಮೊಮ್ಮಗಳು.

ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಡೆಯಲಾಗದೆ ನಕ್ಕಳು. "ಮೂವತ್ತು ವರ್ಷ ಮೆಸ್ ನಡಿಸಿದಾಕಿ, ಅಳಿಯಗ ಪಾರಿವಾಳದ ಕಾಳು ತಂದ್ಲು!"

"ತಪ್ಪ ತಿಳ್ಕೋಬ್ಯಾಡ್ರಿ ಅತ್ತಿ," ಅಂದ ಅಳಿಯ, ತಾಟು ಸರಿಸುತ್ತ. "ಪ್ರಾಣಿಗಳ ಕಾಳಿಗೆ ಏನ ಔಷಧ ಹಾಕಿರ್ತಾರೋ ಯಾರಿಗೆ ಗೊತ್ತು. ಬಿಡ್ರಿ ಇದನ್ನ."

ಆ ವಾರ ಉಳಿಸಿದ್ದೆಲ್ಲ ಆ ಚೀಲದಲ್ಲಿತ್ತು. ನಾನು ತಾಟು ಎತ್ತಿಕೊಂಡು ಒಳಗೆ ಹೋದೆ. ನಲ್ಲಿ ತಿರುಗಿಸಿ ನಿಂತೆ. ನಾಚಿಕೆಯಾಗಬೇಕಿತ್ತು, ಆಯಿತು. ಆದರೆ ಅದರ ಕೆಳಗೆ ಇನ್ನೊಂದಿತ್ತು, ಬೆಚ್ಚಗೆ, ಸಣ್ಣಗೆ. ಸೋತರೆ ಅವಳು ನನ್ನ ಜೊತೆ ಬರುತ್ತಾಳೆ. ಅದು ಸಂತೋಷ ಎಂದು ಗುರುತು ಸಿಕ್ಕಾಗ ತಾಟನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜತೊಡಗಿದೆ. ಅಂಗಡಿಯವನು ಎರಡು ಸಲ ಹೇಳಿದರೂ ಯಾಕೆ ಕೇಳಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ.

ಇಲ್ಲಿ ಶಾಲೆಯ ವಾರ ಶುರುವಾಗುವ ಭಾನುವಾರ, ಬೆಳಗ್ಗೆ ಐದಕ್ಕೆ ಎದ್ದು ಫ್ರಿಜ್ಜಿನ ಹಾಳೆ ಕಿತ್ತು ಹೊಸದು ಬರೆದೆ. ಊರಿನ ಹಿಟ್ಟಿನ ರೊಟ್ಟಿ ಶುಕ್ರವಾರ ಒಂದೇ ದಿನ. ಉಳಿದ ಆರು ದಿನ ಇಲ್ಲಿಯ ಗೋಧಿ ಹಿಟ್ಟಿನ ಚಪಾತಿ. ಅಳಿಯನಿಗೆ ನಾನೇ ಹೇಳಿದೆ, ಅವನ ಮುಖ ನೋಡದೆ.

"ನನ್ನ ಮಗಳು ಮನ್ಯಾಗ ಇದ್ರ ಚಪಾತಿ ಏನ್ರೀ ಅತ್ತಿ, ಮೇವಿನಂಗಡಿ ಒಣಹುಲ್ಲೂ ತಿಂತೀನಿ," ಅಂದ. ಸಣ್ಣಗೆ ನಕ್ಕ. ಆದರೆ ಅವನ ಕಣ್ಣು ಶಾಲೆಯ ಬಸ್ಸಿಗೆ ಬೂಟು ಕಟ್ಟಿಕೊಳ್ಳುತ್ತಿದ್ದ ಹುಡುಗಿಯ ಮೇಲಿತ್ತು. ಬಂದಾಗಿನಿಂದ ಆ ಕಣ್ಣನ್ನು ನಾನು ಅಂದೇ ಸರಿಯಾಗಿ ನೋಡಿದ್ದು.

ಉಳಿದ ಇಪ್ಪತ್ತು ಕಿಲೋ ಕಾಳು ಬಾಗಿಲ ಹಿಂದೆ ಕೂತಿತ್ತು. ಗೋಡೆಯಾಚೆ ಒಮಾನಿ ಮುದುಕಿಯೊಬ್ಬಳ ಮನೆ, ಹನ್ನೆರಡು ಆಡು. ಶಾಲೆಯಲ್ಲಿ ಅರಬ್ಬಿ ಕಲಿಯುವ ಮೊಮ್ಮಗಳನ್ನು ಕರೆದುಕೊಂಡು ಹೋದೆ. ಇವಳು ಏನು ಹೇಳಿದಳೋ, ಮುದುಕಿ ಮೊದಲು ಚೀಲ ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಕೈಯಲ್ಲಿ ರೊಟ್ಟಿ ಬಡಿಯುವ ಸನ್ನೆ ಮಾಡಿ ಹೊಟ್ಟೆ ಹಿಡಿದು ನಕ್ಕಳು.

"ಏನಂದಿ ಆಕಿಗೆ?"

"ನಥಿಂಗ್ ಆಯಿ. ನೀನೂ ಆಡಿನಂಗ ತಿಂದಿ ಅಂದೆ."

ಮುದುಕಿ ದುಡ್ಡು ಕೊಡಲು ಬಂದಳು. ನಾನು ಕೈ ಅಡ್ಡ ಹಿಡಿದೆ. "ಖಲಾಸ್," ಅಂದೆ, ಮುಗಿಯಿತು ಎಂಬರ್ಥದ, ನನಗೆ ಬರುತ್ತಿದ್ದ ಒಂದೇ ಅರಬ್ಬಿ ಮಾತು. ಅವಳಿಗೆ ಮುಗಿದಿರಲಿಲ್ಲ. ಮರುದಿನದಿಂದ ಅವಳ ತೋಟದ ನಿಂಬೆಹಣ್ಣು, ಮೂಲಂಗಿ, ಒಮ್ಮೆ ಇಡೀ ಬಾಳೆಗೊನೆ ಗೋಡೆಯ ಮೇಲೆ ಕಾಣಿಸಿಕೊಳ್ಳತೊಡಗಿದವು. ನಾನು ಚಟ್ನಿಪುಡಿ, ಶೇಂಗಾ ಹೋಳಿಗೆ ಇಡುತ್ತಿದ್ದೆ. ಮೂಲಂಗಿಗೆಂದು ವಾರದ ಹಾಳೆಯಲ್ಲಿ ಮೊದಲ ಸಲ ಒಂದು ದಿನ ಖಾಲಿ ಬಿಟ್ಟೆ.

ನನ್ನ ವೀಸಾ ಮುಗಿಯಲು ಹತ್ತು ದಿನವಿತ್ತು. ಸಂಜೆ ಮಗಳು ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದಳು; ನಾನು ಮಡಚುತ್ತಿದ್ದೆ. ಖರ್ಜೂರದ ತೋಟಗಳ ಆಚೆ ಬೆಟ್ಟದ ಸಾಲು ನೀಲಿಯಾಗಿ ತೇಲುತ್ತಿತ್ತು. ಅವಳು ಮೊಮ್ಮಗಳ ಯೂನಿಫಾರ್ಮ್ ನನ್ನ ಕೈಗೆ ಕೊಡುತ್ತ ಹೇಳಿದಳು.

"ಟಿಕೆಟ್ ತಗದ್ರು ಅವ್ವಾ. ಒಂದ."

ನಾನು ಯೂನಿಫಾರ್ಮಿನ ತೋಳು ಒಳಕ್ಕೆ ಮಡಚಿದೆ. "ಛಲೋ ಆತು."

"ಮುಂದಿನ ವರ್ಷದ ಫೀನೂ ಹೊಂದತದ ಅಂದ್ರು. ನೀ ಹೇಳಿಕೊಟ್ಟಂಗ ನಡಿಸಿದ್ರ."

"ನಡಸು ಮತ್ತ."

ಅವಳು ಮುಂದಿನ ಬಟ್ಟೆ ತೆಗೆಯಲಿಲ್ಲ. ಉಳಿದ ಬಟ್ಟೆಗಳು ಹಗ್ಗದ ಮೇಲೆ ಗಾಳಿಗೆ ಆಡಿದವು. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಸುಮ್ಮನಿರುವುದು ಮಾತ್ರ ಗೊತ್ತು. ಅವತ್ತು ಅದೂ ಆಗಲಿಲ್ಲ.

"ಒಂದ ದಿನ ನನಗ ಸೋಲಬೇಕು ಅನ್ಸಿತ್ತು," ಅಂದೆ. "ಆ ಜೋಳದ ದಿನ. ಆಕಿನ್ನ ಕರ್ಕೊಂಡು ಹೋಗಬೋದಂತ."

ಮಗಳು ಬೆಟ್ಟದ ಕಡೆ ನೋಡುತ್ತಿದ್ದಳು. "ಗೊತ್ತೈತಿ ಅವ್ವಾ."

"ಯಾವಾಗಿಂದ?"

"ನಿನ್ನ ಆಸೆನಾ? ನೀ ಬರೋಕಿಂತ ಮೊದಲ. ಅದಕ್ಕ ಅಡಿಗಿಮನಿ ನಿನ್ನ ಕೈಯಾಗ ಕೊಟ್ಟೆ. ನಾ ನಡಿಸಿದ್ರ ಸೋಲ್ತಿದ್ದೆ, ಆಮ್ಯಾಲ ದಿನಾ ಅಳ್ತಿದ್ದೆ. ನಿನಗ ಎಷ್ಟ ಆಸೆ ಇದ್ರೂ ತಾಟಿನ್ಯಾಗ ಮೋಸ ಮಾಡಂಗಿಲ್ಲ ನೀನು."

ಮಡಚಿದ ಯೂನಿಫಾರ್ಮನ್ನು ಬಿಡಿಸಿ, ಇನ್ನೊಮ್ಮೆ, ನೆರಿಗೆ ನೇರವಾಗುವಂತೆ ಮಡಚಿದೆ.